ಜಜ್ಜದೆ ಉಳಿದ ಶುಂಠಿ

ನಾನು ಒಂದು ಶುಂಠಿ ತುಂಡು. ಹೆಬ್ಬೆರಳಿನಷ್ಟು ಉದ್ದ, ಅದಕ್ಕಿಂತ ತುಸು ದಪ್ಪ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಪ್ರಮೀಳಾಗೆ ವಾಕರಿಕೆ ಬಾರದೆ ಹೋಗಿದ್ದರೆ ಈ ಕತೆ ಹೇಳಲು ನಾನು ಉಳಿಯುತ್ತಲೇ ಇರಲಿಲ್ಲ.

ಹಾಸನದ ಒಂದು ಮಹಡಿ ಮನೆಯ ಅಡುಗೆಕೋಣೆ. ಒಂದು ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು, ಇನ್ನೊಂದರ ಮೇಲೆ ಹಾಲು. ಪ್ರಮೀಳಾ ಗೆಡ್ಡೆಯಿಂದ ನನ್ನ ಅಣ್ಣನನ್ನು ಮುರಿದು ಕುಟ್ಟಾಣಿಗೆ ಹಾಕಿ ಒಂದು ಪೆಟ್ಟು ಕೊಟ್ಟಳು. ಮುಂದಿನ ಸರದಿ ನನ್ನದು. ನನ್ನನ್ನೂ ಮುರಿದು ಕೈಯಲ್ಲಿ ಹಿಡಿದಿದ್ದಳು. ಕುಟ್ಟಾಣಿಯಿಂದ ಘಾಟು ಎದ್ದು ಮೂಗಿಗೆ ಬಡಿದದ್ದೇ ತಡ, ನನ್ನನ್ನು ಕಿಟಕಿಯ ಕಟ್ಟೆಗೆ ಎಸೆದು, ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಅದೇ ಹೊತ್ತಿಗೆ ಹಾಲು ಉಕ್ಕಿತು.

“ಅಪ್ಪಾ, ಹಾಲು!” ಎಂದು ಇಂಚರ ಕೂಗಿದಳು. ಏಳು ವರ್ಷದ ಮಗಳು ಅವಳು. ಬಾಚಣಿಗೆ ಹಿಡಿದುಕೊಂಡು ಜಡೆಗಾಗಿ ಕಾದು ನಿಂತಿದ್ದಳು. ನಟೇಶ ಅರ್ಧ ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡೇ ಓಡಿಬಂದು ಒಲೆ ಆರಿಸಿದ.

ಪ್ರಮೀಳಾ ಬಚ್ಚಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು.

“ಏನಾಯ್ತೇ?”

“ಏನಿಲ್ಲ ರೀ. ಶುಂಠಿ ವಾಸನೆ ಆಗ್ಲಿಲ್ಲ.”

“ನಿನಗಾ? ಶುಂಠಿ ಇಲ್ದಿರೋ ಚಹಾನ ಪಾತ್ರೆ ತೊಳೆದ ನೀರು ಅಂತ ಬೈಯೋಳು ನೀನು!”

ಇಬ್ಬರೂ ಒಟ್ಟಿಗೇ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ನಟೇಶನ ಮುಖದಲ್ಲಿ ನಗು ಹರಡಿದ ರಭಸಕ್ಕೆ ಗಲ್ಲದ ನೊರೆ ಬನಿಯನ್ನಿನ ಮೇಲೆ ಬಿತ್ತು.

“ಈಗ ನನ್ನ ಜಡೆ ಯಾರು ಹಾಕ್ತೀರಾ?” ಎಂದಳು ಇಂಚರ.

ಹೀಗೆ ನಾನು ಬಚಾವಾದೆ. ಆ ಮನೆಗೆ ಇನ್ನೊಂದು ಜೀವ ಬರುತ್ತಿದೆಯೆಂದು ಗೊತ್ತಾದ ಗಳಿಗೆಯೂ ಅದೇ.

ಅದಕ್ಕೂ ಹಿಂದಿನ ನನ್ನ ಬಾಳಿನಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಆಲೂರಿನ ಕಡೆಯ ಒಂದು ಇಳಿಜಾರು ಹೊಲದಲ್ಲಿ, ಏರಿಸಿ ಕಟ್ಟಿದ ಮಡಿಯೊಳಗೆ, ಒಣಎಲೆಯ ಹೊದಿಕೆಯ ಕೆಳಗೆ ಬೆಳೆದೆ. ಮಣ್ಣಿನೊಳಗೆ ಬೆಳೆಯುವವರಿಗೆ ಹಗಲು ರಾತ್ರಿಯ ಲೆಕ್ಕವಿಲ್ಲ, ತೇವ ಮತ್ತು ಬಿಸುಪಿನ ಲೆಕ್ಕ ಮಾತ್ರ ಇರುತ್ತದೆ. ಒಂದು ದಿನ ಗುದ್ದಲಿ ಬಂತು. ಬೆಳಕು ಕಂಡಿತು. ತೊಳೆದರು, ಚೀಲಕ್ಕೆ ತುಂಬಿದರು. ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ಗೋಣಿಯ ಮೇಲೆ ನಮ್ಮನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿರುವ ನಟೇಶ ಕೆಲಸ ಮುಗಿಸಿ ಬರುತ್ತ ನಮ್ಮನ್ನು ಕೊಂಡ. ಅವನ ಬೆರಳಿನ ಗ್ರೀಸಿನ ವಾಸನೆ ನನ್ನ ಸಿಪ್ಪೆಗೆ ಎರಡು ದಿನ ಅಂಟಿಕೊಂಡಿತ್ತು.

ವಾಕರಿಕೆಯ ಆ ಬೆಳಿಗ್ಗೆಯ ನಂತರ ಪ್ರಮೀಳಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಯಾರೋ ನನ್ನನ್ನು ಈರುಳ್ಳಿ ಬುಟ್ಟಿಯ ತಳಕ್ಕೆ ಹಾಕಿದರು. ಒಂದು ತಿಂಗಳು ಅಲ್ಲೇ ಇದ್ದೆ. ಸಿಪ್ಪೆ ಸುಕ್ಕಾಯಿತು, ಮೈ ಹಗುರಾಯಿತು. ಆದರೂ ಒಳಗೆ ಏನೋ ಒತ್ತುತ್ತಿತ್ತು. ಮುಂಗಾರಿಗೆ ಮೊದಲಿನ ಎರಡು ಮಳೆ ಬಿದ್ದು ಗಾಳಿ ತೇವವಾದಾಗ ನನ್ನ ಎರಡು ಕಣ್ಣುಗಳು ಉಬ್ಬಿ ಬಂದವು. ಶುಂಠಿಯ ಮೈಮೇಲಿನ ಮೊಳಕೆಯ ಜಾಗವನ್ನು ಕಣ್ಣು ಎನ್ನುತ್ತಾರೆ. ಮೂರನೆಯದೊಂದು ಕಣ್ಣು ನನ್ನ ಹೊಟ್ಟೆಯ ಕೆಳಗಿತ್ತು. ಅದು ಇನ್ನೂ ನಿದ್ದೆಯಲ್ಲಿತ್ತು.

ಬುಟ್ಟಿ ಸ್ವಚ್ಛ ಮಾಡುವಾಗ ಪ್ರಮೀಳಾ ನನ್ನನ್ನು ಕಸದ ಡಬ್ಬಿಗೆ ಎಸೆಯಲು ಕೈ ಎತ್ತಿದ್ದಳು. ಇಂಚರ ಹಿಡಿದು ನಿಲ್ಲಿಸಿದಳು.

“ಅಮ್ಮಾ, ನೋಡು, ಅದಕ್ಕೆ ಕೊಂಬು ಬಂದಿದೆ!”

ಅಂದು ಊರಿನಿಂದ ಅಜ್ಜಿ ಬಂದಿದ್ದಳು. ಪ್ರಮೀಳಾಳ ತಾಯಿ ದ್ಯಾವಮ್ಮ. ಒಂದು ಚೀಲ ಮಾವಿನಹಣ್ಣು ಹೊತ್ತು ತಂದು, ಮಗಳ ಬಸುರಿನ ಸುದ್ದಿ ಕೇಳಿದ ಸಂತೋಷದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಹರೆಯದಲ್ಲಿ ಶುಂಠಿ ಹೊಲದಲ್ಲಿ ದುಡಿದ ಕೈ ಅವಳದು. ನನ್ನನ್ನು ತೆಗೆದುಕೊಂಡು ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು.

“ಬಿಸಾಕ್ತಾರೇನೇ ಇದನ್ನ? ಜೀವ ಹಿಡ್ಕೊಂಡು ಕಾಯ್ತಾ ಐತೆ.”

“ಇಷ್ಟೇ ಇಷ್ಟು ತುಂಡಿಂದ ಏನಾಗುತ್ತೆ ಬಿಡವ್ವ.”

“ನೀನೂ ಇಷ್ಟೇ ಇಷ್ಟು ತುಂಡಾಗಿದ್ದೆ.”

ಬಚ್ಚಲಿನಲ್ಲಿ ಕಂಠ ಒಡೆದ ಒಂದು ನೀಲಿ ಬಕೆಟ್ ಇತ್ತು. ನಟೇಶ ಕಂಬಿ ಕಾಯಿಸಿ ಅದರ ತಳಕ್ಕೆ ಆರು ತೂತು ಹಾಕಿದ. ಅಜ್ಜಿ ತಳದಲ್ಲಿ ತೆಂಗಿನ ನಾರು ಹರಡಿ, ಮೇಲೆ ಮಣ್ಣು, ಸಗಣಿ ಗೊಬ್ಬರ ತುಂಬಿ, ನನ್ನನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಮರುದಿನ ಎರಡು ಕಣ್ಣು ಮೇಲೆ ಬರುವಂತೆ ಎರಡು ಬೆರಳು ಆಳದಲ್ಲಿ ಮಲಗಿಸಿದಳು. ಹೊರಗಿನ ಪುಟ್ಟ ಬಾಲ್ಕನಿಯಲ್ಲಿ ನನಗೆ ಜಾಗವಾಯಿತು.

“ಶುಂಠಿಗೂ ಎಂಟು ಒಂಬತ್ತು ತಿಂಗ್ಳು, ಬಸುರಿಗೂ ಅಷ್ಟೇ,” ಎಂದಳು ಇಂಚರಳಿಗೆ. “ನಿಮ್ಮಮ್ಮ ಬಾಣಂತಿ ಆಗೋ ಹೊತ್ಗೆ ಇದೂ ಬರ್ತದೆ. ಬಾಣಂತಿ ಸಾರಿಗೆ ಇದೇ ಶುಂಠಿ. ಇದು ಪಾಪುಂದು. ದಿನಾ ಅಕ್ಕಚ್ಚು ಹುಯ್ಯೋ ಕೆಲ್ಸ ನಿಂದು. ಮಾಡ್ತೀಯಾ?”

ಇಂಚರ ಮಾವಿನ ರಸ ಸುರಿಯುವ ಗಲ್ಲ ಎತ್ತಿ ಗಂಭೀರವಾಗಿ ತಲೆ ಆಡಿಸಿದಳು. ಅಕ್ಕಚ್ಚು ಎಂದರೆ ಅಕ್ಕಿ ತೊಳೆದ ನೀರು. ಬಿಳಿಚಿದ, ತಣ್ಣನೆಯ, ಗಿಡಗಳಿಗೆ ಹಾಲಿನಂಥ ನೀರು.

ಅಷ್ಟರಲ್ಲಿ ಪ್ರಮೀಳಾ ಹುರುಳಿಕಾಳು ಬೇಯಿಸಿದ ನೀರನ್ನು ಪಾತ್ರೆ ಸಮೇತ ತಂದು, “ಇದನ್ನೂ ಹಾಕ್ಲಾ ಅವ್ವ, ಸತ್ವ ಇರುತ್ತೆ,” ಎಂದಳು. ಹೊಗೆಯಾಡುತ್ತಿದ್ದ ಆ ಪಾತ್ರೆಯನ್ನು ಅಜ್ಜಿ ತಟ್ಟನೆ ಹಿಡಿದು ನಿಲ್ಲಿಸಿದಳು.

“ಬಿಸಿನೀರು ಮಣ್ಣಿಗೆ ಹುಯ್ಬಾರ್ದು ಕಣೇ! ಬಸುರಿ ಇರೋ ಮನೇಲಂತೂ ಹುಯ್ಲೇಬಾರ್ದು. ಹೊಟ್ಟೇಲಿರೋ ಕೂಸಿಗೆ ಝಳ ಹೊಡೀತದೆ.”

ಪ್ರಮೀಳಾ ನಕ್ಕಳು. “ಎರೆಹುಳ ಸಾಯುತ್ತೆ ಅನ್ನು, ಒಪ್ಕೋತೀನಿ.”

“ಎರೆಹುಳ ಭೂಮ್ತಾಯಿ ಕೂಸಲ್ವಾ? ನಗು ನೀನು.”

ತಾಯಿ ಮಗಳು ಇಬ್ಬರೂ ಆ ಮಾತನ್ನು ಅಲ್ಲೇ ಮರೆತರು. ಮಾವಿನ ಓಟೆ ಚೀಪುತ್ತಿದ್ದ ಹುಡುಗಿ ಮರೆಯಲಿಲ್ಲ.

ಹದಿನೆಂಟನೆಯ ದಿನ ನಾನು ಮಣ್ಣಿನಿಂದ ತಲೆ ಹೊರಹಾಕಿದೆ. ಮೊದಲು ಒಂದು ಕೊಂಬು, ವಾರ ಬಿಟ್ಟು ಇನ್ನೊಂದು. ಇಂಚರ ದಿನಾ ಬೆಳಿಗ್ಗೆ ಹಾಲು ಕಾಯಿಸುವ ಕಪ್ಪು ಹಿಡಿಯ ಪಾತ್ರೆಯಲ್ಲಿ ಅಕ್ಕಚ್ಚು ತಂದು ಹೊಯ್ಯುತ್ತಿದ್ದಳು. ಆಮೇಲೆ ಶಾಲೆಯ ಸ್ಕೇಲಿನಿಂದ ನನ್ನನ್ನು ಅಳೆಯುತ್ತಿದ್ದಳು. ನನ್ನನ್ನು ಅಳೆದ ಕೂಡಲೇ ಒಳಗೆ ಓಡಿ ಅದೇ ಸ್ಕೇಲನ್ನು ಅಮ್ಮನ ಹೊಟ್ಟೆಗೆ ಹಿಡಿಯುತ್ತಿದ್ದಳು. ಹಳೆಯ ಕಾಪಿ ಪುಸ್ತಕದಲ್ಲಿ ಬರೆಯುವುದನ್ನು ಜೋರಾಗಿ ಹೇಳಿಕೊಂಡೇ ಬರೆಯುತ್ತಿದ್ದಳು: “ಶುಂಠಿ ಹದಿಮೂರು ಸೆಂಟಿಮೀಟರ್. ಪಾಪು ಇನ್ನೂ ಕಾಣ್ತಿಲ್ಲ.”

ಪ್ರಮೀಳಾಳಿಗೂ ಹುರುಪು ಬಂತು. ಪುದೀನದ ಕಡ್ಡಿಗಳನ್ನು ಗಾಜಿನ ಲೋಟದಲ್ಲಿ ನಿಲ್ಲಿಸಿದಳು. ಕ್ಯಾರೆಟ್ಟಿನ ತಲೆಯನ್ನು ಕೊಯ್ದು ತಟ್ಟೆಯ ನೀರಿನಲ್ಲಿಟ್ಟಳು. ಬೇರಿನ ಕಡೆಯ ಈರುಳ್ಳಿ ಚೂರನ್ನು ಮೊಸರಿನ ಡಬ್ಬಿಯಲ್ಲಿ ನೆಟ್ಟಳು. ಕಸಕ್ಕೆ ಹೋಗಬೇಕಾದವರೆಲ್ಲ ಬಾಲ್ಕನಿಯಲ್ಲಿ ಸಾಲಾಗಿ ಕೂತೆವು. “ಇದೇನೇ, ಅಡುಗೆಮನೆ ಆಸ್ಪತ್ರೆ ತೆಗೆದುಬಿಟ್ಯಾ?” ಎಂದು ನಟೇಶ ರೇಗಿಸುತ್ತಿದ್ದ.

ಜುಲೈ ತಿಂಗಳ ಮೊದಲ ವಾರ ಬಂತು. ಆ ದಿನದ ಬಗ್ಗೆ ನಿಧಾನವಾಗಿ ಹೇಳಬೇಕು.

ನಟೇಶನಿಗೆ ಕುಕ್ಕರಿನ ಅನ್ನ ಹಿಡಿಸುವುದಿಲ್ಲ. ಗಂಜಿ ಬಸಿದ ಅನ್ನವೇ ಆಗಬೇಕು. ದಿನವೂ ಅಕ್ಕಚ್ಚು ಕಪ್ಪು ಹಿಡಿಯ ಪಾತ್ರೆಗೆ, ಬಸಿದ ಗಂಜಿ ಅಗಲ ಬೋಗುಣಿಗೆ. ಆ ಮನೆಯಲ್ಲಿ ಅದು ತಪ್ಪುತ್ತಲೇ ಇರಲಿಲ್ಲ. ಅಂದು ಎದ್ದಾಗಿನಿಂದ ಪ್ರಮೀಳಾಳಿಗೆ ಸೊಂಟ ಹಿಡಿದಂತಿತ್ತು. ಅಕ್ಕಿ ತೊಳೆದ ನೀರನ್ನು ಮರೆತು ಸಿಂಕಿಗೆ ಚೆಲ್ಲಿಬಿಟ್ಟಳು. ಅನ್ನ ಬೆಂದಾಗ ಗಂಜಿ ಬಸಿಯಲು ಪಾತ್ರೆ ಬಾಗಿಸಿದಳು. ಅಷ್ಟರಲ್ಲಿ ಕಿಬ್ಬೊಟ್ಟೆಯಲ್ಲಿ ನೋವು ಹಿಂಡಿತು. ಬೋಗುಣಿ ದೂರದಲ್ಲಿತ್ತು. ಕೈಗೆ ಸಿಕ್ಕ ಕಪ್ಪು ಹಿಡಿಯ ಪಾತ್ರೆಗೇ ಬಸಿದು, ಅದನ್ನು ಸಿಂಕಿನ ಪಕ್ಕ ಇಟ್ಟು, ನೆಲಕ್ಕೆ ಕುಸಿದು ಕೂತಳು.

“ರೀ... ಆಟೋ ಕರೀರಿ.”

ಅವಳ ಸೀರೆಯ ಅಂಚಿನಲ್ಲಿ ರಕ್ತ ಕಂಡಿತ್ತು. ನಟೇಶನ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಮಗಳ ಭುಜ ಹಿಡಿದು ಆ ಕಡೆ ತಿರುಗಿಸಿ, “ಏನೂ ಇಲ್ಲ ಪುಟ್ಟಿ, ಹೆದರ್ಬೇಡ. ನೀನು ನಿನ್ನ ಕೆಲಸ ಮಾಡ್ಕೊ ಹೋಗು,” ಎಂದು ಕೆಳಗೆ ಓಡಿದ.

ಅಪ್ಪ ಹೇಳಿದ ಹಾಗೆ ಇಂಚರ ತನ್ನ ಕೆಲಸ ಮಾಡಲು ಹೋದಳು. ಸಿಂಕಿನ ಪಕ್ಕದಲ್ಲಿ ದಿನದ ಜಾಗದಲ್ಲೇ ದಿನದ ಪಾತ್ರೆ ಇತ್ತು. ಕಪ್ಪು ಹಿಡಿ ಬಿಸಿಯಾಗುವುದಿಲ್ಲ. ಅವಳ ಕಣ್ಣು ಪಾತ್ರೆಯ ಮೇಲಿರಲಿಲ್ಲ, ಅಮ್ಮನ ಮೇಲಿತ್ತು. ಬಾಲ್ಕನಿಗೆ ಬಂದಳು. ನನ್ನ ಮೇಲೆ ಬಗ್ಗಿಸಿದಳು.

ಆ ಸುಡುವಿಕೆಯನ್ನು ವರ್ಣಿಸಿ ಯಾರನ್ನೂ ನೋಯಿಸುವ ಮನಸ್ಸು ನನಗಿಲ್ಲ. ನನ್ನ ಎರಡೂ ಕೊಂಬುಗಳು ಬುಡದಲ್ಲಿ ಬೆಂದುಹೋದವು. ಮಣ್ಣಿಗೆ ಇಳಿಯುವ ಹೊತ್ತಿಗೆ ಗಂಜಿಯ ಬಿಸಿ ಅರ್ಧವಾಗಿತ್ತು. ಆದರೂ ನನ್ನ ಒಂದು ಮಗ್ಗುಲು ಪೂರ್ತಿ ಸುಟ್ಟಿತು.

ಬಕೆಟ್ಟಿನಿಂದ ಆವಿ ಎದ್ದಾಗಲೇ ಹುಡುಗಿಗೆ ಗೊತ್ತಾದದ್ದು. ಪಾತ್ರೆಯ ಅಂಚು ಮುಟ್ಟಿ ಕೈ ಹಿಂದೆಳೆದುಕೊಂಡಳು. ಅದೇ ಗಳಿಗೆಯಲ್ಲಿ ಕೆಳಗೆ ಆಟೋ ಬಂದು ನಿಂತಿತು. ಬಾಲ್ಕನಿಯ ಕಂಬಿಗಳ ನಡುವಿನಿಂದ ಅವಳು ನೋಡಿದಳು. ಅಮ್ಮ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಆಟೋ ಹತ್ತುತ್ತಿದ್ದಳು.

ಅಮ್ಮನಿಗೆ ನೋವು ಬಂದದ್ದು ಮೊದಲು, ಗಂಜಿ ಬಿದ್ದದ್ದು ಆಮೇಲೆ. ನನಗೆ ಗೊತ್ತಿತ್ತು. ಏಳು ವರ್ಷದ ತಲೆಯಲ್ಲಿ ಆ ಎರಡೂ ಹಿಂದುಮುಂದಾಗಿ ಕೂತವು. ಇಂಚರ ಒಳಗೆ ಹೋಗಿ ಪಾತ್ರೆ ತೊಳೆದಳು. ಒರೆಸಿದಳು. ಬೋರಲು ಹಾಕಿ ಇಟ್ಟಳು. ಆಮೇಲೆ ಕೆಳಗಿನ ಮನೆಯವರು ಬಂದು ಅವಳನ್ನು ಕರೆದುಕೊಂಡು ಹೋದರು.

ಪ್ರಮೀಳಾ ಮೂರು ದಿನಕ್ಕೆ ಮನೆಗೆ ಬಂದಳು. ಮಗು ಚೆನ್ನಾಗಿದೆ, ತಾಯಿ ಮಾತ್ರ ಕೆಲವು ವಾರ ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಅಜ್ಜಿ ಬಟ್ಟೆಬರೆ ಸಮೇತ ಬಂದು ಮನೆ ವಹಿಸಿಕೊಂಡಳು. ಇದೆಲ್ಲ ದೊಡ್ಡವರು ದೊಡ್ಡವರೊಳಗೆ ಆಡಿಕೊಂಡ ಮಾತು. ಇಂಚರಳಿಗೆ ಹೇಳಿದ್ದು “ಅಮ್ಮನಿಗೆ ಸುಸ್ತು” ಎಂದಷ್ಟೇ. ಅವಳೂ ಏನೂ ಕೇಳಲಿಲ್ಲ. ಬಾಗಿಲ ಬಳಿ ನಿಂತು ಅಮ್ಮನ ಹೊಟ್ಟೆಯನ್ನು ನೋಡಿ, ಬಾಯಿ ತೆರೆದು, ಮುಚ್ಚಿಕೊಂಡು ನನ್ನ ಹತ್ತಿರ ಬರುತ್ತಿದ್ದಳು.

ಬಂದವಳು ನನಗೆ ಮಾಡಿದ ಆರೈಕೆ ಒಂದೆರಡಲ್ಲ. ಫ್ರಿಜ್ಜಿನಿಂದ ಐಸ್ ತುಂಡು ತಂದು ಬುಡದಲ್ಲಿ ಜೋಡಿಸಿದಳು. ಒದ್ದೆ ಮಾಡಿದ ಕರ್ಚೀಫನ್ನು ಬಾಡಿದ ಕೊಂಬಿಗೆ ಸುತ್ತಿದಳು. ಮಂಡಿಯೂರಿ ಕೂತು ‘ಉಫ್ ಉಫ್’ ಎಂದು ಊದಿದಳು. ಹಿಂದೊಮ್ಮೆ ಅವಳ ಕೈಗೆ ದೋಸೆ ಹಂಚು ತಾಗಿದಾಗ ಅಮ್ಮ ಹಲ್ಲುಜ್ಜುವ ಪೇಸ್ಟ್ ಹಚ್ಚಿದ್ದಳು. ಅದು ನೆನಪಾಗಿ ನನಗೂ ಹಚ್ಚಿದಳು.

“ಯಾರೇ ಇದು, ಶುಂಠಿಗೆ ಪೇಸ್ಟ್ ಬಳ್ದಿರೋದು?” ಅಜ್ಜಿಯ ಕೂಗಿಗೆ ಬೀದಿಯೇ ತಿರುಗಿ ನೋಡಿತು. “ಗಿಡಕ್ಕೆ ಹಲ್ಲೈತೇನೇ ಉಜ್ಜಕ್ಕೆ?”

ಮಲಗಿದ್ದಲ್ಲಿಂದ ಪ್ರಮೀಳಾ ನಕ್ಕಳು. ಇಂಚರ ನಗಲಿಲ್ಲ.

ನನ್ನ ಕೊಂಬುಗಳು ಹಳದಿಯಾಗಿ ಕಳಚಿ ಬಿದ್ದವು. ತಣ್ಣೀರು, ಐಸು ಅತಿಯಾಗಿ, ಸುಟ್ಟ ಮಗ್ಗುಲು ಕೊಳೆಯತೊಡಗಿತು. ನಿಜ ಹೇಳುತ್ತೇನೆ, ಆಗ ನಾನೂ ಆಸೆ ಬಿಟ್ಟಿದ್ದೆ.

ಒಂದು ಮಧ್ಯಾಹ್ನ, ಇಂಚರ ಶಾಲೆಗೆ ಹೋಗಿದ್ದಾಗ, ಅಜ್ಜಿ ಬಕೆಟ್ಟಿನಲ್ಲಿ ದೊಡ್ಡಪತ್ರೆ ನೆಡೋಣವೆಂದು ಮಣ್ಣು ಕೆದಕಿದಳು. ಬೆರಳಿಗೆ ನಾನು ಸಿಕ್ಕೆ. ಹೊರಗೆ ತೆಗೆದು, ತಿರುವಿ, ಮೂಸಿ ನೋಡಿದಳು.

“ಪ್ರಮೀಳಾ, ಇದು ಬರೀ ಕೊಳೆತಿದ್ದಲ್ಲ ಕಣೇ. ಮೊದ್ಲು ಬೆಂದೈತೆ. ಈ ಆಷಾಢದ ಮಳೇಲಿ ಎಲ್ಲಿಂದ ಬಂತು ಬಿಸಿ?”

ಪ್ರಮೀಳಾಳಿಗೆ ಆ ಬೆಳಿಗ್ಗೆಯದು ನೋವೊಂದೇ ನೆನಪಿತ್ತು, ಪಾತ್ರೆ ನೆನಪಿರಲಿಲ್ಲ.

ಅಜ್ಜಿ ನನ್ನನ್ನು ಎಸೆಯಲಿಲ್ಲ. ಈಳಿಗೆಮಣೆಯ ಮುಂದೆ ಕೂತು ಕೊಳೆತ ಭಾಗವನ್ನು ಕೊಯ್ದು ತೆಗೆದಳು. ಗಾಯಕ್ಕೆ ದೇವರ ಮುಂದಿನ ಊದುಬತ್ತಿಯ ಬೂದಿ ಒತ್ತಿದಳು. ಹೊಟ್ಟೆಯ ಕೆಳಗೆ ಮಲಗಿದ್ದ ಮೂರನೆಯ ಕಣ್ಣನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, “ನೀನೊಬ್ಬ ಇದೀಯಲ್ಲ, ಸಾಕು,” ಎಂದು, ಒಣಮಣ್ಣು ಬೆರೆಸಿ, ಈ ಸಲ ಆ ಕಣ್ಣು ಮೇಲೆ ಬರುವಂತೆ ಹೂತಳು. ಆಮೇಲೆ ಕುಕ್ಕರ್ ಕೂಗಿತು, ಹಾಲಿನವನು ಬಂದ, ಅವಳು ಮರೆತಳು.

ಸಂಜೆ ಶಾಲೆಯಿಂದ ಬಂದ ಇಂಚರ ಕಂಡದ್ದು ಕೆದಕಿದ ಬರೀ ಮಣ್ಣು. ನನ್ನನ್ನು ಕಿತ್ತು ಎಸೆದಿದ್ದಾರೆಂದೇ ತಿಳಿದಳು. ಬ್ಯಾಗು ಬೆನ್ನಿನಿಂದ ಇಳಿಸದೆ ಬಕೆಟ್ಟಿನ ಪಕ್ಕ ಬಹಳ ಹೊತ್ತು ಕೂತಿದ್ದಳು. ಎರಡು ಬೆರಳಿನ ಆಳದಲ್ಲಿ ನಾನಿದ್ದೆ. ಅಂಥ ಹೊತ್ತಿನಲ್ಲಿ ಬಾಯಿಲ್ಲದೆ ಹುಟ್ಟಿದ್ದರ ದುಃಖ ನನಗೆ ತಿಳಿಯಿತು.

ಅಂದಿನಿಂದ ಅವಳು ಅಮ್ಮನ ಹೊಟ್ಟೆಗೂ ಸ್ಕೇಲು ಹಿಡಿಯಲಿಲ್ಲ.

“ಪುಟ್ಟಿ, ಪಾಪು ಅಳತೆ ಯಾಕೆ ನಿಲ್ಲಿಸ್ಬಿಟ್ಟೆ?” ಎಂದು ಪ್ರಮೀಳಾ ಕೇಳಿದಳು.

“ಸ್ಕೇಲ್ ಕಳೆದೋಗಿದೆ.”

ಸ್ಕೇಲಿನ ತುದಿ ಅವಳ ಬ್ಯಾಗಿನಿಂದ ಇಣುಕುತ್ತಿತ್ತು. ಪ್ರಮೀಳಾ ಅದನ್ನು ನೋಡಿದಳು. ಬೈಯಲಿಲ್ಲ, ಗದರಿಸಿ ಬಾಯಿ ಬಿಡಿಸಲೂ ಹೋಗಲಿಲ್ಲ. “ಸಿಕ್ಕಿದಾಗ ಅಳಿ. ಪಾಪು ಎಲ್ಲೂ ಹೋಗಲ್ಲ,” ಎಂದು ಮಗಳ ಹಣೆಯ ಕೂದಲು ಹಿಂದೆ ಸರಿಸಿದಳು. ಮಗಳು ಆ ಮಾತನ್ನು ನಂಬಲು ಎಷ್ಟು ಬಯಸಿದಳೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

ನಾನು ಮಾಡಬಹುದಾದದ್ದು ಒಂದೇ ಇತ್ತು. ಚಿಗುರುವುದು. ಮೈಯಲ್ಲಿ ಉಳಿದಿದ್ದ ರಸವನ್ನೆಲ್ಲ ಆ ಒಂದು ಕಣ್ಣಿಗೆ ಸಾಗಿಸಿದೆ. ಬೇರು ಬಿಡಲು ಎರಡು ವಾರ. ಮಣ್ಣು ತಳ್ಳಲು ಮತ್ತೆರಡು ವಾರ. ಆಗಸ್ಟ್ ಕೊನೆಯ ಭಾನುವಾರ ಬೆಳಿಗ್ಗೆ, ಪುದೀನಕ್ಕೆ ನೀರು ಹಾಕಲು ಬಂದ ಇಂಚರಳ ಕೈಯಿಂದ ಚೊಂಬು ಕೆಳಗೆ ಬಿತ್ತು.

“ಅಮ್ಮಾ! ಅಜ್ಜೀ! ಕೊಂಬು! ಕೊಂಬು ಬಂದಿದೆ!”

ಏಳು ವಾರದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅಜ್ಜಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಳು. ಅಷ್ಟು ಹೊತ್ತಿಗೆ ಎದ್ದು ಓಡಾಡುವಷ್ಟಾಗಿದ್ದ ಪ್ರಮೀಳಾ ಗೋಡೆ ಹಿಡಿದು ಬಂದಳು. ಹಲ್ಲುಜ್ಜುತ್ತಿದ್ದ ನಟೇಶ ಬ್ರಷ್ ಬಾಯಲ್ಲೇ ಇಟ್ಟುಕೊಂಡು, “ಪೇಸ್ಟ್ ಕೆಲಸ ಮಾಡ್ತು ಅನ್ನು!” ಎಂದ. ಕಳೆದುಹೋಗಿದ್ದ ಸ್ಕೇಲು ಆ ಕ್ಷಣದಲ್ಲೇ ಸಿಕ್ಕಿತು. ನಾನು ಒಂದು ಸೆಂಟಿಮೀಟರ್ ಇದ್ದೆ. ಇಂಚರ ಅಲ್ಲೇ ತಿರುಗಿ ಅಮ್ಮನ ಹೊಟ್ಟೆಗೆ ಸ್ಕೇಲು ಹಿಡಿದಳು. ಒಳಗಿನಿಂದ ಪಾಪು ಸ್ಕೇಲನ್ನು ಒದ್ದಿತು.

“ಅಮ್ಮಾ, ಇದು ಒದೀತು!”

“ಮತ್ತೆ? ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಕೇಳ್ತಿದೆ.”

ಹುಡುಗಿ ಅಂದು ಎರಡು ರೊಟ್ಟಿ ಹೆಚ್ಚು ತಿಂದಳು. ಆ ಮನೆಯ ಗಾಳಿಯೇ ಹಗುರಾಯಿತು. ಆದರೆ ಹುಡುಗಿಯ ಮನಸ್ಸಿನ ಭಾರ ಪೂರ್ತಿ ಇಳಿದಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಪಾಪು ಬದುಕಿದೆ ಎಂದು ಅವಳಿಗೆ ತಿಳಿಯಿತು. ಸುಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ. ಒಮ್ಮೊಮ್ಮೆ ಅಕ್ಕಚ್ಚು ಹೊಯ್ಯುವ ಮೊದಲು ಬೆರಳು ಅದ್ದಿ ನೋಡುತ್ತಿದ್ದಳು. ಒಂದು ಸಲ ಅಲ್ಲ, ಮೂರು ಸಲ.

ಡಿಸೆಂಬರ್ ನಡುವಿನಲ್ಲಿ ಪಾಪು ಬಂತು. ಗುಂಡಗಿನ ಮುಖ, ತಲೆ ತುಂಬ ಕೂದಲು, ಕೂಗು ಶುರುವಾದರೆ ಕೆಳಗಿನ ಮನೆಯವರಿಗೂ ಕೇಳಬೇಕು. ತಾಯಿ ಮಗು ಮನೆಗೆ ಬಂದ ಮೇಲೆ ಅಜ್ಜಿ ಬಕೆಟ್ಟನ್ನು ಹಳೆ ಪೇಪರಿನ ಮೇಲೆ ಬೋರಲು ಹಾಕಿದಳು. ಮಣ್ಣು ಉದುರಿತು. ನನ್ನ ಸುತ್ತ ಬೆಳೆದ ಮಕ್ಕಳನ್ನು ನಾನು ಮೊದಲ ಸಲ ಬೆಳಕಿನಲ್ಲಿ ಕಂಡೆ. ತಿಳಿಹಳದಿಯ ಮೈ, ತುದಿಯಲ್ಲಿ ಗುಲಾಬಿ ಬಣ್ಣ, ಕೈಬೆರಳುಗಳ ಹಾಗೆ ಒಂದರ ಪಕ್ಕ ಒಂದು.

“ಪೂರ್ತಿ ಬಲಿತಿಲ್ಲ. ಆದ್ರೂ ಘಾಟೈತೆ, ಸಾಕು ಬಾಣಂತಿ ಸಾರಿಗೆ,” ಎಂದು ಅಜ್ಜಿ ಒಂದನ್ನು ಮುರಿದು ಮೂಸಿದಳು.

ನಡುವಿನಲ್ಲಿದ್ದ ನಾನು ಸುಕ್ಕುಗಟ್ಟಿದ್ದೆ. ಇಂಚರ ನನ್ನನ್ನು ಎತ್ತಿಕೊಂಡಳು. ನನ್ನ ಮಗ್ಗುಲಿನಲ್ಲಿ ಉಗುರಿನಗಲದ ಕಪ್ಪು ಕಲೆ ಇತ್ತು.

“ಅಜ್ಜಿ, ಇದ್ಯಾಕೆ ಕಪ್ಪಗಿದೆ?”

“ಯಾವಾಗ್ಲೋ ಸುಟ್ಟಿತ್ತಲ್ಲ, ಅದರ ಗುರುತು. ವಾಸಿಯಾದ್ರೂ ಗುರುತು ಉಳೀತದೆ ಮಗಾ. ಹಳೇ ಗೆಡ್ಡೆ ಅದು, ಕೆಲಸ ಆಯ್ತು, ಬಿಸಾಕು.”

“ಬೇಡ,” ಎಂದಳು ಇಂಚರ. ಅಷ್ಟೇ ಹೇಳಿದಳು. ಆದರೆ ಆ ‘ಬೇಡ’ ಎಷ್ಟು ಗಟ್ಟಿಯಾಗಿತ್ತೆಂದರೆ ಅಜ್ಜಿ ಒಂದು ತೆಂಗಿನ ಚಿಪ್ಪಿಗೆ ಮರಳು ತುಂಬಿ, ನನ್ನನ್ನು ಅರ್ಧ ಹುಗಿದು ಬಚ್ಚಲುಮನೆಯ ಕಿಟಕಿಯಲ್ಲಿ ಇಟ್ಟಳು. ಬಾಣಂತಿಯ ಮನೆಯಲ್ಲಿ ಬೆಚ್ಚಗಿನ ಜಾಗ ಅದೊಂದೇ.

ಈಗ ನಾನು ಅಲ್ಲೇ ಇದ್ದೇನೆ. ಕೆಲಸ ಏನೂ ಇಲ್ಲ. ನನ್ನ ಮಕ್ಕಳಲ್ಲಿ ಮೂವರು ಮೆಣಸಿನ ಸಾರಿಗೆ ಹೋದರು. ಆ ಸಾರು ಉಂಡ ಪ್ರಮೀಳಾ ಹಣೆಯ ಬೆವರು ಒರೆಸಿಕೊಂಡು, “ಅಬ್ಬ, ಎಂಟು ತಿಂಗಳಾದ್ಮೇಲೆ ಶುಂಠಿ ವಾಸನೆ ಹಿಡಿಸ್ತು,” ಎಂದಳು. ಇನ್ನಿಬ್ಬರನ್ನು ಬರುವ ಮೇ ತಿಂಗಳಿಗೆಂದು ಅಜ್ಜಿ ಬಿತ್ತನೆಗೆ ತೆಗೆದಿಟ್ಟಿದ್ದಾಳೆ. ಒಂದು ಚಹಾಕ್ಕೂ ಸಾಲದ ತುಂಡು ನಾನು. ಎರಡು ಸಲ ಕಸಕ್ಕೆ ಹೋಗಬೇಕಿತ್ತು, ಒಂದು ಸಲ ಬೆಂದೆ. ಆದರೂ ನನಗೆ ಯಾರ ಮೇಲೂ ಮುನಿಸಿಲ್ಲ. ನನ್ನನ್ನು ಸುಟ್ಟವಳೇ ನನ್ನ ಮುಂದೆ ಮಂಡಿಯೂರಿ ಊದಿದ್ದನ್ನು ನಾನು ಕಂಡಿದ್ದೇನೆ. ಬೆಂದ ಗೆಡ್ಡೆ ಚಿಗುರುವುದು ಅಷ್ಟು ಕಷ್ಟವಲ್ಲ, ಒಂದು ಕಣ್ಣು ಉಳಿದಿದ್ದರೆ ಸಾಕು. ಬಾಯೊಳಗೆ ಉಳಿದ ಮಾತು ಹೊರಗೆ ಬರುವುದು ಅದಕ್ಕಿಂತ ಕಷ್ಟ. ಅದಕ್ಕೆ ಮಣ್ಣು ತಳ್ಳುವುದಕ್ಕಿಂತ ಹೆಚ್ಚು ಬಲ ಬೇಕು.

ಇದನ್ನು ಹೇಳಲು ಕಾರಣ ಇಂದು ಬೆಳಿಗ್ಗೆ ನಡೆದದ್ದು.

ಪಾಪುವಿನ ಸ್ನಾನ ದಿನವೂ ನನ್ನ ಕಣ್ಣೆದುರೇ ನಡೆಯುತ್ತದೆ. ಅಜ್ಜಿ ಮಣೆಯ ಮೇಲೆ ಕೂತು, ಕಾಲು ನೀಡಿ, ಎಣ್ಣೆ ತಿಕ್ಕಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಾಳೆ. ಕೂಸಿನ ಬೆನ್ನಿನ ಕೆಳಗೆ ಅಂಗೈಯಗಲ ಒಂದು ನೀಲಿ ಮಚ್ಚೆ ಇದೆ. ಮೊದಲ ದಿನ ಅದನ್ನು ಕಂಡು ಪ್ರಮೀಳಾ ಬೆಚ್ಚಿದಾಗ ಅಜ್ಜಿ ನಕ್ಕಿದ್ದಳು. “ನಿಂಗೂ ಇತ್ತು, ಇಂಚರಂಗೂ ಇಷ್ಟೇ ಅಗಲ ಇತ್ತಲ್ಲ, ಮರ್ತ್ಯಾ? ನಡೆಯೋ ಹೊತ್ಗೆಲ್ಲ ಮಾಸೋಯ್ತದೆ.” ಆಸ್ಪತ್ರೆಯ ನರ್ಸಮ್ಮನೂ ಅದನ್ನೇ ಹೇಳಿದ್ದಳಂತೆ. ಆಗೆಲ್ಲ ಇಂಚರ ಶಾಲೆಯಲ್ಲಿದ್ದಳು.

ಇಂದು ಭಾನುವಾರ. ಸ್ನಾನ ನೋಡುತ್ತೇನೆಂದು ಅವಳು ಬಾಗಿಲಲ್ಲಿ ಬಂದು ನಿಂತಳು. ಹಂಡೆಯ ನೀರಿಗೆ ತಣ್ಣೀರು ಬೆರೆಸಿದ ಮೇಲೂ, “ಇರಿ ಅಜ್ಜಿ,” ಎಂದು ಬೆರಳು ಅದ್ದಿ ನೋಡಿದಳು. ಮೂರು ಸಲ.

“ಏನೇ, ನಾನು ಕೂಸನ್ನ ಬೇಯಿಸ್ತೀನಿ ಅಂದ್ಕೊಂಡ್ಯಾ?” ಎಂದು ಅಜ್ಜಿ ಗದರಿ, ಕೂಸನ್ನು ಬೋರಲು ಮಲಗಿಸಿದಳು.

ಇಂಚರ ಆ ನೀಲಿ ಕಲೆ ನೋಡಿದಳು. ಕಿಟಕಿಯಲ್ಲಿದ್ದ ನನ್ನ ಕಡೆ ತಿರುಗಿ ನನ್ನ ಕಪ್ಪು ಕಲೆ ನೋಡಿದಳು. ಮತ್ತೆ ಕೂಸನ್ನು ನೋಡಿದಳು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಮೆಲ್ಲಗೆ ಹತ್ತಿರ ಹೋಗಿ, ನೆಲದ ನೀರಿನಲ್ಲೇ ಮಂಡಿಯೂರಿ, ಕೂಸಿನ ಬೆನ್ನಿಗೆ ‘ಉಫ್ ಉಫ್’ ಎಂದು ಊದಿದಳು.

ಟವೆಲು ಹಿಡಿದು ನಿಂತಿದ್ದ ಪ್ರಮೀಳಾ ಆ ಊದುವಿಕೆಯನ್ನು ನೋಡಿದಳು. ಏನೋ ಹೊಳೆದಂತೆ ಟವೆಲನ್ನು ಅಜ್ಜಿಯ ಕೈಗೆ ಕೊಟ್ಟು, ಬಾಣಂತಿ ನೆಲಕ್ಕೆ ಕೂರಬಾರದೆಂದು ಅಜ್ಜಿ ಕೂಗುತ್ತಿದ್ದರೂ ಕೇಳದೆ ಹೊಸ್ತಿಲ ಮೇಲೆ ಕೂತಳು. ಮಗಳನ್ನು ಹತ್ತಿರ ಎಳೆದುಕೊಂಡು ಒದ್ದೆ ಲಂಗದ ಸಮೇತ ತೊಡೆಯ ಮೇಲೆ ಕೂರಿಸಿಕೊಂಡಳು.

“ಯಾಕೆ ಊದ್ತಿದೀಯ ಪುಟ್ಟಿ?”

ಇಂಚರ ಒದ್ದೆ ಲಂಗದ ಅಂಚು ಹಿಂಡಿದಳು. ಪ್ರಮೀಳಾ ಕಾದಳು. ಒಲೆಯ ಮೇಲೆ ಹಾಲಿತ್ತು, ಕೂಸು ಅಳುತ್ತಿತ್ತು. ಆದರೂ ಅವಳು ಏಳಲಿಲ್ಲ.

“ಏನಿದ್ರೂ ಕೇಳು. ನಾನು ಬೈಯಲ್ಲ. ಕೇಳು ಮಗಳೇ.”

ಇಂಚರ ಬಾಯಿ ತೆರೆದಳು, ಮುಚ್ಚಿಕೊಂಡಳು, ಮತ್ತೆ ತೆರೆದಳು. ಮಣ್ಣು ಬಿರಿಯುವ ಮೊದಲಿನ ಆ ಒತ್ತಡ ನನಗೆ ಚೆನ್ನಾಗಿ ಗೊತ್ತು. ಚಿಪ್ಪಿನ ಮರಳಿನಲ್ಲಿ ನಾನು ಉಸಿರು ಬಿಗಿಹಿಡಿದೆ. ತಳ್ಳು ಮಗಳೇ, ಎಂದುಕೊಂಡೆ. ಇನ್ನೊಂದೇ ಒಂದು ಸಲ ತಳ್ಳು. ಆ ಕಡೆ ಬೆಳಕಿದೆ, ಅಮ್ಮನಿದ್ದಾಳೆ.

ಅವಳು ಅಮ್ಮನ ಕೊರಳಿಗೆ ಮುಖ ಒತ್ತಿಕೊಂಡು, ಬಚ್ಚಲುಮನೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

“ಅಮ್ಮಾ, ಅವತ್ತು ನಾನು ಶುಂಠಿಗೆ ಬಿಸಿ ಗಂಜಿ ಹುಯ್ದ್‌ಬಿಟ್ಟೆ... ಪಾಪುನ ಸುಟ್ಟಿದ್ದು ನಾನಾ?”